ಅಪ್ಪನಿಗೆ ಕಿವಿ ಮಂದವಾದರೂ ಬ್ರಿಟನ್ನಿನಲ್ಲಿ ನಾಟಕ ತೋರಿಸಬಹುದು

ಊರಿಂದ ಬಂದ ಅಪ್ಪ-ಅಮ್ಮನಿಗೆ ಕಿವಿ ಕೇಳಿಸುವುದಿಲ್ಲ, ಕಣ್ಣು ಕಾಣಿಸುವುದಿಲ್ಲ ಎಂದು ಲಂಡನ್ನಿನ ನಾಟಕ ತೋರಿಸುವ ಯೋಚನೆಯನ್ನೇ ಬಿಡಬೇಡಿ. ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್‌ನಲ್ಲಿ 2010ರ ಈಕ್ವಾಲಿಟಿ ಆಕ್ಟ್ ಪ್ರಕಾರ ಅಂಗವಿಕಲರಿಗಾಗಿ ಮೊದಲೇ ಯೋಚಿಸಿ ಸೂಕ್ತ ಏರ್ಪಾಡು ಮಾಡುವುದು ರಂಗಮಂದಿರದ ಹೊಣೆ. ಅದರ ಖರ್ಚನ್ನು ಅಂಗವಿಕಲರ ಮೇಲೆ ಹಾಕುವಂತಿಲ್ಲ. ಉತ್ತರ ಐರ್ಲೆಂಡಿನಲ್ಲಿ ಇದಕ್ಕೆ 1995ರ ಕಾನೂನಿದೆ. ವಿಸಿಟರ್ ವೀಸಾದಲ್ಲಿ ಬಂದವರೂ ಕೇಳಬಹುದು. ಇದು ಸರ್ಕಾರಿ ಭತ್ಯೆಯಲ್ಲ. ‘ಸುಮ್ನೆ ಅವರಿಗ್ಯಾಕೆ ತೊಂದರೆ’ ಅನ್ನುವ ನಮ್ಮ ಸಂಕೋಚ ಇಲ್ಲಿ ಬೇಡ.

ಟಿಕೆಟ್‌ಗಿಂತ ಮೊದಲು ದಿನಾಂಕ ನೋಡಿ. ಕ್ಯಾಪ್ಷನ್ (ಮಾತು ಪರದೆಯ ಮೇಲೆ ಅಕ್ಷರದಲ್ಲಿ), ಸಂಜ್ಞಾಭಾಷೆ, ಆಡಿಯೋ ಡಿಸ್ಕ್ರಿಪ್ಷನ್ (ವೇದಿಕೆಯಲ್ಲಿ ನಡೆಯುವುದನ್ನು ಕಿವಿಗೆ ಹೇಳುವ ವಿವರಣೆ) ಇರುವ ಪ್ರದರ್ಶನ ಎಷ್ಟೋ ನಾಟಕಗಳಿಗೆ ಒಂದೋ ಎರಡೋ ಮಾತ್ರ. ಕ್ಯಾಪ್ಷನ್ ಇರುವ ದಿನಗಳು ಸ್ಟೇಜ್‌ಟೆಕ್ಸ್ಟ್ ಎಂಬ ಸಂಸ್ಥೆಯ ಪಟ್ಟಿಯಲ್ಲಿ, ವಿವರಣೆ ಇರುವವು ವೋಕಲ್‌ಐಸ್ ಎಂಬ ಸಂಸ್ಥೆಯ ಪಟ್ಟಿಯಲ್ಲಿ ಸಿಗುತ್ತವೆ. ಆಮೇಲೆ ರಂಗಮಂದಿರದ ಆ್ಯಕ್ಸೆಸ್ (ಅಂಗವಿಕಲರಿಗೆ ನೆರವಾಗುವ) ವಿಭಾಗಕ್ಕೇ ಫೋನ್ ಮಾಡಿ: ಕ್ಯಾಪ್ಷನ್ ಪರದೆ ಎಲ್ಲ ಸೀಟಿನಿಂದಲೂ ಕಾಣುವುದಿಲ್ಲ. ಜತೆಗಾರರಿಗೆ ರಿಯಾಯಿತಿ ಅಥವಾ ಉಚಿತ ಟಿಕೆಟ್ ಇದೆಯೇ ಎಂದೂ ಕೇಳಿ. ದಾಖಲೆ ಕೇಳಿದರೆ, ಇಲ್ಲಿನ ಅಂಗವಿಕಲ ಭತ್ಯೆಯ ಪತ್ರ ಇಲ್ಲದವರು ಊರಿನ ವೈದ್ಯರ ಪತ್ರ ನಡೆಯುತ್ತದೆಯೇ ಎಂದು ಆಗಲೇ ಇತ್ಯರ್ಥ ಮಾಡಿಕೊಳ್ಳುವುದು ಒಳ್ಳೆಯದು.

ಈಗ ಭಾಷೆಯ ತೊಡಕು. ಕ್ಯಾಪ್ಷನ್, ವಿವರಣೆ ಎರಡೂ ಇಂಗ್ಲಿಷಿನಲ್ಲಿ. ಸಂಜ್ಞೆ ಬ್ರಿಟಿಷರದು, ಭಾರತೀಯ ಸಂಜ್ಞಾಭಾಷೆ ಬಲ್ಲವರಿಗೆ ಪೂರ್ತಿ ತಿಳಿಯುತ್ತದೆ ಎಂದುಕೊಳ್ಳಬೇಡಿ. ಇಂಗ್ಲಿಷ್ ಬಾರದ ಅಜ್ಜಿಗೆ, ನನ್ನ ಪ್ರಕಾರ, ಹಾಡು-ಕುಣಿತ ಹೆಚ್ಚಿರುವ ಮ್ಯೂಸಿಕಲ್ ಮತ್ತು ಹಿಯರಿಂಗ್ ಲೂಪ್ ಸಾಕು. ಲೂಪ್ ಇದ್ದರೆ ಶ್ರವಣಯಂತ್ರವನ್ನು ‘ಟಿ’ಗೆ ತಿರುಗಿಸಿದ ಕೂಡಲೇ ವೇದಿಕೆಯ ದನಿ ನೇರ ಕಿವಿಗೆ. ಯಂತ್ರದಲ್ಲಿ ಈ ‘ಟಿ’ಗೆ ಬೇಕಾದ ಟೆಲಿಕಾಯಿಲ್ ಎಂಬ ಪುಟ್ಟ ಸುರುಳಿ ಇದೆಯೇ, ಚಾಲೂ ಆಗಿದೆಯೇ ಎಂದು ಊರಿನಿಂದ ಹೊರಡುವ ಮೊದಲೇ ಆಡಿಯಾಲಜಿಸ್ಟ್ ಹತ್ತಿರ ನೋಡಿಸಿ.

ಕಣ್ಣು ಕಾಣದವರಿಗೆ ಟಚ್ ಟೂರ್ ತಪ್ಪಿಸಬೇಡಿ. ಆಟಕ್ಕೆ ಮುನ್ನ ವೇದಿಕೆಗೇ ಕರೆದೊಯ್ದು ಉಡುಪು, ಸಾಮಾನು ಮುಟ್ಟಲು ಬಿಡುತ್ತಾರೆ. ನೀವು ಪಕ್ಕದಲ್ಲಿ ಕನ್ನಡದಲ್ಲಿ ಹೇಳುತ್ತಾ ಹೋದರೆ ಕಥೆಯ ಅರ್ಧ ಅಲ್ಲೇ ಮುಗಿಯುತ್ತದೆ. ಇದನ್ನು ಬೇರೆಯಾಗಿ ಬುಕ್ ಮಾಡಬೇಕಾಗುತ್ತದೆ.

ಸಾರ್ವಜನಿಕರಿಗೆ ಟಿಕೆಟ್ ಮಾರುವ ನಮ್ಮ ಕನ್ನಡ ಸಂಘಗಳೂ ಈ ಕಾನೂನಿನಿಂದ ಹೊರಗಿಲ್ಲ. ರಾಜ್ಯೋತ್ಸವಕ್ಕೆ ಹಾಲ್ ಹಿಡಿಯುವಾಗ ಲೂಪ್ ಇದೆಯೇ ಎಂದು ವಿಚಾರಿಸಿ. ಇದ್ದರೂ ನಮ್ಮ ಮೈಕನ್ನು ಅದಕ್ಕೆ ಜೋಡಿಸದಿದ್ದರೆ ಪ್ರಯೋಜನವಿಲ್ಲ. ಪ್ರೊಜೆಕ್ಟರ್ ಹೇಗೂ ಇರುತ್ತದೆ. ನಾಟಕದ ಮಾತನ್ನು ಕನ್ನಡದಲ್ಲೇ ಪರದೆಗೆ ಬಿಡಲು ತಾಲೀಮಿಗೆ ಬಂದ ಒಬ್ಬರು ಸಾಕು.