ಮೊದಲು ಅಂದಾಜು, ಆಮೇಲೆ ತಕ್ಕಡಿ

ಒಳಮನಸ್ಸಿನ ಮಾತು ಕೇಳಿ ಎನ್ನುವವರು ಬಹಳ ಜನ. ಯಾವ ವಿಷಯದಲ್ಲಿ ಕೇಳಬೇಕು, ಯಾವುದರಲ್ಲಿ ಕೇಳಬಾರದು, ಕೇಳುವ ಮೊದಲು ಅದನ್ನು ಪಳಗಿಸುವುದು ಹೇಗೆ ಎಂದು ಹೇಳುವವರು ಕಡಿಮೆ. ನಾನು ದಿನವೂ ಅನುಸರಿಸುವ ಕ್ರಮ ಇದು.

ಅಭ್ಯಾಸಕ್ಕೆ ಒಳ್ಳೆಯ ಜಾಗ ತರಕಾರಿ ಗಾಡಿ. ಬೀನ್ಸ್ ಆರಿಸಿ ಬುಟ್ಟಿಗೆ ಹಾಕಿದ ಮೇಲೆ ಬುಟ್ಟಿಯನ್ನು ಒಂದೆರಡು ಸಲ ಕೈಯಲ್ಲಿ ಎತ್ತಿ ಇಳಿಸಿ, ಗಾಡಿಯವರು ತೂಕಕ್ಕೆ ಇಡುವ ಮೊದಲೇ 'ನಾನೂರು ಗ್ರಾಂ' ಎಂದು ಒಂದು ಅಂಕಿ ಗಟ್ಟಿ ಮಾಡಿಕೊಳ್ಳುತ್ತೇನೆ. ತಕ್ಕಡಿ ಕೂಡಲೇ ಉತ್ತರ ಹೇಳುತ್ತದೆ. ಇಲ್ಲಿ ಕಣ್ಣು ಕೈಗೆ ಮೋಸ ಮಾಡುತ್ತದೆ. ಒಂದೇ ತೂಕದ ಎರಡು ವಸ್ತುಗಳಲ್ಲಿ ಚಿಕ್ಕದೇ ಹೆಚ್ಚು ಭಾರ ಎನಿಸುತ್ತದೆ; ಫ್ರಾನ್ಸಿನ ವೈದ್ಯ ಷಾರ್ಪಾಂಟಿಯೆ ಇದನ್ನು 1891ರಲ್ಲೇ ಬರೆದಿಟ್ಟ. ಹಾಗಾಗಿ ಬಿಗಿಯಾದ ಸಣ್ಣ ಎಲೆಕೋಸಿಗೆ ನಾವು ಹೆಚ್ಚು ತೂಕ ಹೇಳುತ್ತೇವೆ, ಸಡಿಲವಾದ ದೊಡ್ಡದಕ್ಕೆ ಕಡಿಮೆ. ಬುಟ್ಟಿಯಲ್ಲಿಟ್ಟು ಕಣ್ಣು ಮುಚ್ಚಿ ಎತ್ತಿದರೆ ಈ ತಪ್ಪು ಕಡಿಮೆಯಾಗುತ್ತದೆ.

ಒಂದು ನಿಯಮ ಮಾತ್ರ ಮುರಿಯಬಾರದು: ಅಂಕಿಯನ್ನು ಮೊದಲೇ ಹೇಳಿಬಿಡಬೇಕು, ಇಲ್ಲವೇ ಬರೆದುಬಿಡಬೇಕು. ಉತ್ತರ ಕಂಡ ಮೇಲೆ 'ನಾನೂ ಹಾಗೇ ಅಂದುಕೊಂಡಿದ್ದೆ' ಎಂದು ಮನಸ್ಸು ನಿಜವಾಗಿಯೂ ನಂಬುತ್ತದೆ. ಮನಶ್ಶಾಸ್ತ್ರಜ್ಞ ಬರೂಖ್ ಫಿಷಾಫ್ 1975ರಲ್ಲಿ ಪ್ರಯೋಗ ಮಾಡಿ ತೋರಿಸಿದ್ದು ಇದನ್ನೇ. ಮುಂಚೆ ಹೇಳದ ಅಂದಾಜಿನಿಂದ ಯಾವ ಕಲಿಕೆಯೂ ಆಗುವುದಿಲ್ಲ.

ಗಡಿಯಾರ ನೋಡುವ ಮೊದಲು ಗಂಟೆ ಊಹಿಸುವುದು, ಉದ್ದಿನ ಹಿಟ್ಟನ್ನು ನೀರಿಗೆ ಬಿಡುವ ಮೊದಲು ಬೆರಳಲ್ಲಿ ಮುಟ್ಟಿ ಅದು ತೇಲುತ್ತದೆಯೋ ಮುಳುಗುತ್ತದೆಯೋ ಹೇಳುವುದು, ಇವೂ ಇದೇ ಜಾತಿಯ ಅಭ್ಯಾಸಗಳು. ಹೆಚ್ಚು ಕಲಿಸುವುದು ಮಾತ್ರ ಚಿಕ್ಕಿಗೆ ಬೆಲ್ಲದ ಪಾಕ ತೆಗೆಯುವ ಕೆಲಸ. ಇನ್ನೂರು ಗ್ರಾಂ ಬೆಲ್ಲಕ್ಕೆ ಎರಡು ಚಮಚ ನೀರು, ದಪ್ಪ ತಳದ ಬಾಣಲೆ, ಸಣ್ಣ ಉರಿ, ಪಕ್ಕದಲ್ಲಿ ಒಂದು ಬಟ್ಟಲು ತಣ್ಣೀರು. ಮೊದಲು ದೊಡ್ಡ ಗುಳ್ಳೆ, ಸಡಿಲ ನೊರೆ. ನೀರಿನಂಶ ಹೋಗುತ್ತಿದ್ದಂತೆ ಗುಳ್ಳೆ ಸಣ್ಣದಾಗಿ ಒತ್ತೊತ್ತಾಗುತ್ತದೆ, ಸೌಟು ಎಳೆಯುವ ಕೈಗೆ ಪಾಕ ತಡೆ ಕೊಡತೊಡಗುತ್ತದೆ, ಬಣ್ಣ ಒಂದು ಪಟ್ಟು ಗಾಢವಾಗುತ್ತದೆ, ಹಸಿ ಬೆಲ್ಲದ ವಾಸನೆ ಹೋಗಿ ಕಮ್ಮನೆ ವಾಸನೆ ಬರುತ್ತದೆ. ಹನಿ ನೀರಿಗೆ ಬಿಟ್ಟಾಗ ಮೊದಲು ಕರಗುತ್ತದೆ, ಆಮೇಲೆ ಬೆರಳಲ್ಲಿ ಮೆತ್ತನೆ ಉಂಡೆಯಾಗುತ್ತದೆ, ಕೊನೆಗೆ ಟಕ್ಕೆಂದು ಮುರಿಯುತ್ತದೆ. ಚಿಕ್ಕಿಗೆ ಬೇಕಾದದ್ದು ಈ ಕೊನೆಯ ಹದ. ಬೇಗ ಇಳಿಸಿದರೆ ಚಿಕ್ಕಿ ಹಲ್ಲಿಗೆ ಅಂಟುತ್ತದೆ, ತಡವಾದರೆ ಪಾಕ ಕಹಿಯಾಗುತ್ತದೆ. ಪ್ರತಿ ಸಲ ಹನಿ ಬಿಡುವ ಮುಂಚೆ 'ಈಗ ಉಂಡೆ', 'ಈಗ ಮುರಿಯುತ್ತದೆ' ಎಂದು ಹೇಳಿ ಆಮೇಲೆ ಬಿಡಿ. ಹೀಗೆ ಮಾಡುತ್ತಾ ಹೋದರೆ, ನೀರಿನ ಬಟ್ಟಲು ಇಲ್ಲದೆಯೂ ಕೈಗೆ ಗೊತ್ತಾಗುವ ದಿನ ಬರುತ್ತದೆ. ಅದು ಗುಳ್ಳೆಯಿಂದ ಗೊತ್ತಾಯಿತೋ ವಾಸನೆಯಿಂದಲೋ ಎಂದು ಬಿಡಿಸಿ ಹೇಳಲು ಆಗುವುದಿಲ್ಲ. ಫೋನ್ ನೋಡುತ್ತಾ ಸೌಟು ಆಡಿಸಿದರೆ ಈ ಕಲಿಕೆ ಆಗದು. ನಿಧಾನ ಬೇಕಾಗುವುದು ಇದಕ್ಕೇ: ಕಣ್ಣು, ಮೂಗು, ಕೈ ಮೂರೂ ಒಂದೇ ಬಾಣಲೆಯ ಮೇಲಿರಬೇಕು.

ಅಮೆರಿಕದ ಮನಶ್ಶಾಸ್ತ್ರಜ್ಞ ಗ್ಯಾರಿ ಕ್ಲೈನ್ ಅಗ್ನಿಶಾಮಕ ದಳದವರ ನಿರ್ಧಾರಗಳನ್ನು ಅಧ್ಯಯನ ಮಾಡಿದಾಗ ಸಿಕ್ಕ ಒಂದು ಘಟನೆ ಇಲ್ಲಿ ನೆನಪಾಗುತ್ತದೆ. ಅಡುಗೆಮನೆಗೆ ಬೆಂಕಿ ಬಿದ್ದ ಒಂದು ಮನೆ. ನೀರು ಹೊಡೆದರೂ ಬೆಂಕಿ ತಗ್ಗಲಿಲ್ಲ. ಬೆಂಕಿಯ ಗಾತ್ರಕ್ಕೆ ಮೀರಿದ ಕಾವು, ಸದ್ದು ಮಾತ್ರ ತೀರಾ ಕಡಿಮೆ. ಏನೋ ಸರಿಯಿಲ್ಲವೆನಿಸಿ ದಳದ ಮುಖ್ಯಸ್ಥ ಎಲ್ಲರನ್ನೂ ಹೊರಗೆ ಕರೆದ. ಸ್ವಲ್ಪ ಹೊತ್ತಿಗೆ ನೆಲ ಕುಸಿಯಿತು. ಬೆಂಕಿಯ ಮೂಲ ಇದ್ದದ್ದು ಅವರು ನಿಂತಿದ್ದ ನೆಲದ ಕೆಳಗಿನ ನೆಲಮಾಳಿಗೆಯಲ್ಲಿ. ಆತ ಅದನ್ನು ಅತೀಂದ್ರಿಯ ಶಕ್ತಿ ಎಂದುಕೊಂಡಿದ್ದ. ಕ್ಲೈನ್ ಪ್ರಕಾರ ಅದು ನೂರಾರು ಬೆಂಕಿ ನೋಡಿದವನ ಕಣ್ಣು, ಕಿವಿ, ಚರ್ಮ ಸೇರಿ ಮಾಡಿದ ಲೆಕ್ಕ.

ಇದೇ ಕ್ಲೈನ್, ಅಂತಃಪ್ರಜ್ಞೆಯ ಬಗ್ಗೆ ಸದಾ ಅನುಮಾನವಿದ್ದ ಇನ್ನೊಬ್ಬ ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನೆಮನ್ ಜೊತೆ ಸೇರಿ 2009ರಲ್ಲಿ ಒಂದು ಪ್ರಬಂಧ ಬರೆದರು. ಇಬ್ಬರೂ ಒಪ್ಪಿದ ಷರತ್ತು ಎರಡು: ಆ ಕ್ಷೇತ್ರದಲ್ಲಿ ಒಂದು ಕ್ರಮ ಇರಬೇಕು, ಸರಿ ತಪ್ಪು ತಿಳಿದುಕೊಂಡು ಸಾಕಷ್ಟು ಅಭ್ಯಾಸ ಮಾಡುವ ಅವಕಾಶ ಸಿಕ್ಕಿರಬೇಕು. ನನಗೆ ಇದೇ ಅಳತೆಗೋಲು. ಪಾಕ, ಮಗುವಿನ ಅಳುವಿನ ಬಗೆ, ದಿನವೂ ಓಡಿಸುವ ಸ್ಕೂಟರಿನ ಸದ್ದು, ಇವುಗಳಲ್ಲಿ ಒಳಗಿನ ಮಾತನ್ನು ನಂಬುತ್ತೇನೆ. ಷೇರು ಮಾರುಕಟ್ಟೆಯಲ್ಲಿ, ಹತ್ತು ನಿಮಿಷ ಮಾತಾಡಿಸಿದ ಅಪರಿಚಿತರ ವಿಷಯದಲ್ಲಿ ನಂಬುವುದಿಲ್ಲ, ಅದು ಎಷ್ಟೇ ಜೋರಾಗಿ ಹೇಳಲಿ.

ಜೋರಾಗಿ ಹೇಳುವುದೆಲ್ಲ ಅಂತಃಪ್ರಜ್ಞೆಯೂ ಅಲ್ಲ. ಎದೆ ಡವಡವ ಎನ್ನುವುದಕ್ಕೆ ಹಸಿವು, ನಿದ್ದೆಗೇಡು, ಎರಡನೇ ಲೋಟ ಫಿಲ್ಟರ್ ಕಾಫಿ ಯಾವುದಾದರೂ ಕಾರಣ ಇರಬಹುದು. ಕುಡಿದ ಕೆಫೀನಿನ ಅರ್ಧದಷ್ಟು ಸುಮಾರು 5 ಗಂಟೆ ಕಳೆದರೂ ಮೈಯಲ್ಲೇ ಇರುತ್ತದೆ. ಹಾಗಾಗಿ ಮೊದಲು ಊಟ, ಆಮೇಲೆ ಮೂರು ನಿಮಿಷ ಉಸಿರು: ನಾಲ್ಕು ಎಣಿಸುವಷ್ಟು ಒಳಗೆ, ಆರು ಎಣಿಸುವಷ್ಟು ಹೊರಗೆ. ನಿಮಿಷಕ್ಕೆ ಆರು ಉಸಿರಾಗುತ್ತದೆ. ಉಸಿರು ಬಿಡುವಾಗ ಹೃದಯದ ಬಡಿತ ಸಹಜವಾಗಿ ತಗ್ಗುವುದರಿಂದ ಬಿಡುವ ಹೊತ್ತು ಉದ್ದ. ಬಲವಂತವಾಗಿ ಆಳಕ್ಕೆ ಎಳೆಯಬಾರದು. ಎಳೆದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿದು ತಲೆ ಹಗುರಾಗುತ್ತದೆ, ಬೆರಳ ತುದಿ ಜುಮ್ಮೆನ್ನುತ್ತದೆ. ಹಾಗಾದರೆ ನಿಲ್ಲಿಸಿ ಮಾಮೂಲಿಯಾಗಿ ಉಸಿರಾಡಿ. ಇಷ್ಟಾದ ಮೇಲೂ ಅದೇ ಅನಿಸಿಕೆ ಉಳಿದಿದ್ದರೆ ಅದಕ್ಕೆ ಕಿವಿ ಕೊಡುತ್ತೇನೆ.

ದೊಡ್ಡ ನಿರ್ಧಾರಗಳಿಗೆ ಕಾನೆಮನ್ ಅವರದೇ ಒಂದು ವಿಧಾನ ಬಳಸುತ್ತೇನೆ. 1955ರ ಹೊತ್ತಿಗೆ, ಇಪ್ಪತ್ತೊಂದರ ವಯಸ್ಸಿನಲ್ಲಿ, ಇಸ್ರೇಲ್ ಸೇನೆಗೆ ಅವರು ಸಂದರ್ಶನದ ಕ್ರಮ ರೂಪಿಸಿದರು. ಆರು ಗುಣಗಳಿಗೆ ಬೇರೆಬೇರೆಯಾಗಿ 1ರಿಂದ 5ರವರೆಗೆ ಅಂಕ. ಎಲ್ಲ ಮುಗಿದ ಮೇಲೆ ಕಣ್ಣು ಮುಚ್ಚಿ ಮನಸ್ಸಿಗೆ ತೋಚಿದ ಒಂದು ಅಂಕ. ಸೈನಿಕ ಮುಂದೆ ಹೇಗೆ ಕೆಲಸ ಮಾಡುತ್ತಾನೆ ಎಂಬುದನ್ನು ಈ ಕೊನೆಯ ಅಂಕವೂ ಆರರ ಮೊತ್ತದಷ್ಟೇ ಚೆನ್ನಾಗಿ ಹೇಳಿತು. ಒಳಮನಸ್ಸನ್ನು ಮೊದಲೇ ಕೇಳಬಾರದು, ಅದಕ್ಕೆ ಬೇಕಾದ್ದನ್ನೆಲ್ಲ ತೋರಿಸಿ ಕೊನೆಗೆ ಕೇಳಬೇಕು.

ಬೆಂಗಳೂರಿನಲ್ಲಿ ಬಾಡಿಗೆ ಮನೆ ನೋಡುವಾಗ ನನ್ನ ಆರು ಅಂಶ: ನೀರು, ಗಾಳಿ-ಬೆಳಕು, ಸದ್ದು, ಕೆಲಸದ ಜಾಗಕ್ಕೆ ದಾರಿ, ಬಾಡಿಗೆ-ಅಡ್ವಾನ್ಸ್, ಮಾಲೀಕರ ಮಾತಿನ ರೀತಿ. ಒಂದಕ್ಕೆ ಅಂಕ ಬರೆದ ಮೇಲೇ ಇನ್ನೊಂದರ ಕಡೆ ನೋಡಬೇಕು. ಇಲ್ಲದಿದ್ದರೆ ಚೆಂದದ ಬಾಲ್ಕನಿಯೊಂದೇ ಉಳಿದ ಐದಕ್ಕೂ ಅಂಕ ಹಾಕಿಸಿಬಿಡುತ್ತದೆ. ನೀರಿಗೆ: ಕಾವೇರಿ ವಾರದಲ್ಲಿ ಯಾವ ದಿನ ಬರುತ್ತದೆ, ಬೋರ್‌ವೆಲ್ ಇದೆಯೇ, ಟ್ಯಾಂಕರ್ ತರಿಸಿದರೆ ದುಡ್ಡು ಯಾರದು. ನಲ್ಲಿಯ ಬುಡದಲ್ಲಿ ಬಿಳಿ ಪೊರೆ ಕಟ್ಟಿದ್ದರೆ ಗಡಸು ನೀರು. ಗೋಡೆಯ ಕೆಳಗಿನ ಒಂದಡಿಗೆ ಮಾತ್ರ ಹೊಸ ಬಣ್ಣ ಹೊಡೆದಿದ್ದರೆ ತೇವ ಮುಚ್ಚಿದ್ದಾರೋ ಎಂದು ಕೈಯಿಟ್ಟು ನೋಡಿ.

ಕಣ್ಣು ಮುಚ್ಚಿ ಹಾಕುವ ಅಂಕ ಮಾತ್ರ ಮರುದಿನ ಬೆಳಿಗ್ಗೆ. ಆರರಲ್ಲೂ 4 ಬಂದು ಇದು 2 ಆದರೆ ಮನೆಗೆ ಇನ್ನೊಮ್ಮೆ, ಬೇರೆ ಹೊತ್ತಿನಲ್ಲಿ ಹೋಗುತ್ತೇನೆ. ಬಾಗಿಲು ಮುಚ್ಚಿ ಸುಮ್ಮನೆ ಹತ್ತು ನಿಮಿಷ ನಿಂತರೆ ಮುಗ್ಗಲು ವಾಸನೆಯೋ, ಮೇಲಿನ ಮನೆಯ ಮೋಟರಿನ ಗುಂಯ್ ಸದ್ದೋ ಸಿಗುತ್ತದೆ. ಸಿಕ್ಕರೆ ಆ ಅಂಶದ ಅಂಕ ತಿದ್ದುತ್ತೇನೆ. ಏನೂ ಸಿಗದೆ, ಅನಿಸಿಕೆಯೂ ಬದಲಾಗದಿದ್ದರೆ ಬೇರೆ ಮನೆ ನೋಡುತ್ತೇನೆ.

'ಇವತ್ತೇ ಟೋಕನ್ ಕೊಡಿ ಸಾರ್, ಇನ್ನೊಂದು ಪಾರ್ಟಿ ಬರ್ತಾ ಇದೆ' ಎಂದು ಬ್ರೋಕರ್ ಹೇಳಿದರೆ ನನ್ನ ಉತ್ತರ ಯಾವಾಗಲೂ ಒಂದೇ: 'ನಾಳೆ ಹನ್ನೊಂದಕ್ಕೆ ಹೇಳ್ತೀನಿ.' ಅಷ್ಟು ಕಾಯದ ಮನೆ ಹೋಗಲಿ. ಫೋನಿನಲ್ಲಿ ವಂಚಕರು ಮಾಡುವ ಅವಸರವಂತೂ ಇನ್ನೂ ಕೆಟ್ಟದ್ದು. ಪೊಲೀಸರು ವಿಡಿಯೊ ಕರೆಯಲ್ಲಿ 'ಡಿಜಿಟಲ್ ಅರೆಸ್ಟ್' ಮಾಡುವ ಪದ್ಧತಿ ನಮ್ಮ ಕಾನೂನಿನಲ್ಲಿ ಇಲ್ಲ. ದುಡ್ಡು ಬರಲು ಯುಪಿಐ ಪಿನ್ ಒತ್ತಬೇಕಾಗಿಲ್ಲ, ಪಿನ್ ಒತ್ತಿದರೆ ಹೋಗುವುದೇ. ಕರೆ ಕತ್ತರಿಸಬೇಡಿ, ಮನೆಯವರಿಗೆ ಹೇಳಬೇಡಿ ಎಂದರೆ ಅಲ್ಲಿಗೇ ಕರೆ ಕತ್ತರಿಸಿ, ಪಕ್ಕದಲ್ಲಿದ್ದವರಿಗೆ ನಡೆದದ್ದನ್ನು ಜೋರಾಗಿ ಹೇಳಿ. ದುಡ್ಡು ಆಗಲೇ ಹೋಗಿದ್ದರೆ ಮಾತ್ರ ಉಸಿರು ಎಣಿಸುತ್ತಾ ಕೂರಬೇಡಿ: ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೆ ತಿಳಿಸಿ, ವಹಿವಾಟಿನ ಸಂಖ್ಯೆ ಬರೆದಿಟ್ಟುಕೊಳ್ಳಿ.