ಬಿಡು ಮಾಮ, ಗೋಡೆಗೆ ಬಿಡು

ನಾನು ಶಟಲ್ ಆಡಿ ಬೆಳೆದವನು. ಕಾಕ್ ನೆಲಕ್ಕೆ ಬಿತ್ತೋ, ಪಾಯಿಂಟ್ ಹೋಯ್ತು. ಹದಿನೆಂಟು ವರ್ಷದ ಈ ಭಯ ಮೈಗೆ ಅಂಟಿಬಿಟ್ಟಿತ್ತು. ಗಾಜಿನ ಗೋಡೆಗಳ ನಡುವೆ ಆಡುವ, ಟೆನಿಸ್‌ನಂಥ ಪ್ಯಾಡೆಲ್ ಆಟ ಕಲಿಯುವಾಗ ನನಗೆ ಜಾಸ್ತಿ ಕಾಟ ಕೊಟ್ಟಿದ್ದೇ ಅದು.

ಕರೆದುಕೊಂಡು ಹೋದವನು ಅಕ್ಕನ ಮಗ. ಬೆಂಗಳೂರಿನಲ್ಲಿ ನಮ್ಮ ಮನೆ ಹತ್ತಿರದ ಕ್ಲಬ್ಬಿನಲ್ಲಿ ಟೆನಿಸ್ ಕೋರ್ಟಿನ ಪಕ್ಕ ಎರಡು ಗಾಜಿನ ಕೋರ್ಟ್ ಹಾಕಿದ್ದಾರೆ. ಆಟಕ್ಕೆ ನಾಲ್ಕು ಜನ ಬೇಕು, ಅವತ್ತು ಒಬ್ಬ ಕೈಕೊಟ್ಟಿದ್ದ. 'ಪ್ಯಾಡೆಲ್ ಆಡೋಕೆ ಹೋಗ್ತಿದ್ದೀನಿ' ಅಂದಾಗ ನನ್ನ ಹೆಂಡತಿ 'ಸೈಕಲ್ಲಾ?' ಅಂತ ಕೇಳಿದಳು.

ಕೋರ್ಟ್ 20 ಮೀಟರ್ ಉದ್ದ, 10 ಮೀಟರ್ ಅಗಲ. ಹಿಂದೆ 3 ಮೀಟರ್ ಎತ್ತರದ ಗಾಜು, ಅದರ ಮೇಲೆ ಜಾಲರಿ. ಅಕ್ಕಪಕ್ಕದಲ್ಲಿ ಸ್ವಲ್ಪ ದೂರ ಗಾಜು, ಆಮೇಲೆ ಜಾಲರಿ. ರಾಕೆಟ್‌ಗೆ ಗಟ್ ಅನ್ನುವ ತಂತಿ ಬಲೆ ಇಲ್ಲ, ಬೂಂದಿ ಮಾಡುವ ತೂತಿನ ಸೌಟಿನ ಹಾಗಿದೆ. ಅದರ ದಾರವನ್ನು ಮಣಿಕಟ್ಟಿಗೆ ಹಾಕಿಕೊಳ್ಳಲೇಬೇಕು. ಸರ್ವೀಸ್ ಮಾಡುವಾಗ ಚೆಂಡನ್ನು ಒಮ್ಮೆ ನೆಲಕ್ಕೆ ಕುಟ್ಟಿ, ಸೊಂಟಕ್ಕಿಂತ ಮೇಲೆ ಹೋಗದ ಹಾಗೆ ಹೊಡೆಯಬೇಕು. ಪಾಯಿಂಟ್ ಲೆಕ್ಕ ಟೆನಿಸ್‌ನದ್ದೇ. ಇದಿಷ್ಟು ಹತ್ತು ನಿಮಿಷದಲ್ಲಿ ತಿಳಿಯಿತು.

ಮೊದಲ ಗೇಮಲ್ಲೇ ತಲೆ ಮೇಲೆ ಚೆಂಡು ಸಿಕ್ಕಿತು. ಬಿಡ್ತೀನಾ? ಶಟಲ್‌ನ ಸ್ಮ್ಯಾಶ್ ಕೊಟ್ಟೆ. ಅದು ಅವರ ಕಡೆ ನೆಲಕ್ಕೆ ಬಡಿದು, ಹಿಂದಿನ ಗಾಜಿಗೆ ಬಡಿದು, ಎದುರಾಳಿ ಹುಡುಗನ ರಾಕೆಟ್ ಮುಂದೆ ತಾನಾಗಿ ತೇಲಿಬಂತು. ಅವನು ಮೆತ್ತಗೆ ಮೂಲೆಗೆ ಇಟ್ಟ. ಹೀಗೇ ಮೂರು ಸಲ ಆಯ್ತು. ಇಲ್ಲಿ ಜೋರಾಗಿ ಹೊಡೆಯೋದು ಅಂದ್ರೆ ಎಷ್ಟೋ ಸಲ ಎದುರಿನವರಿಗೆ ದಾನ ಮಾಡಿದ ಹಾಗೆ.

ಅದಕ್ಕಿಂತ ಕಷ್ಟದ್ದು ಚೆಂಡನ್ನು ಬಿಡುವುದು. ನನ್ನನ್ನು ದಾಟಿ ಹೋಗುತ್ತಿರುವ ಚೆಂಡಿಗೆ ಕೈ ತಾನಾಗಿ ಹಿಂದಕ್ಕೆ ಚಾಚುತ್ತಿತ್ತು. ಪಕ್ಕದಿಂದ ಅಕ್ಕನ ಮಗ 'ಬಿಡು ಮಾಮ, ಗೋಡೆಗೆ ಬಿಡು!' ಅಂತ ಕೂಗುತ್ತಿದ್ದ. ಸರಿ ಅಂತ ಬಿಟ್ಟೆ. ಬಿಟ್ಟು, ಸುಮ್ನೆ ನಿಂತು ನೋಡಿದೆ. ಗಾಜಿಗೆ ತಾಗಿ ವಾಪಸ್ ಬಂದ ಚೆಂಡು ನನ್ನ ಮೊಣಕಾಲಿಗೇ ಬಡಿಯಿತು.

ಇದಕ್ಕೆ ನಾನು ಕಂಡುಕೊಂಡ ದಾರಿ ಸ್ವಲ್ಪ ಮಕ್ಕಳಾಟದಂತಿದೆ. ವಾರದ ಮಧ್ಯೆ ಮಧ್ಯಾಹ್ನದ ಹೊತ್ತು ಕೋರ್ಟ್ ಖಾಲಿ ಇರುತ್ತದೆ, ದರವೂ ಕಡಿಮೆ. ಒಬ್ಬನೇ ಹೋದೆ. ರಾಕೆಟ್ ಬೆಂಚಿನ ಮೇಲಿಟ್ಟು, ಚೆಂಡನ್ನು ನೆಲಕ್ಕೆ ಬಡಿದು ಗಾಜಿಗೆ ತಾಗುವಂತೆ ಎಸೆದೆ. ವಾಪಸ್ ಬಂದದ್ದನ್ನು ಬರಿಗೈಯಲ್ಲಿ ಹಿಡಿದೆ. ಮತ್ತೆ ಎಸೆದೆ, ಮತ್ತೆ ಹಿಡಿದೆ. ಕೋರ್ಟ್ ಗುಡಿಸುವಾತ ಪೊರಕೆ ನಿಲ್ಲಿಸಿ ನೋಡುತ್ತಿದ್ದ. ನಾಲ್ಕು ದಿನ ಹೀಗೆ ಮಾಡಿದ ಮೇಲೆ ಕಾಲಿಗೆ ವಿಷಯ ಗೊತ್ತಾಯಿತು. ಗಾಜಿಗೆ ಅಂಟಿ ನಿಲ್ಲಬಾರದು. ಚೆಂಡು ದಾಟುವ ಮೊದಲೇ ಪಕ್ಕಕ್ಕೆ ತಿರುಗಿ, ಅದರ ಜೊತೆಗೇ ಹಿಂದೆ ಸರಿಯಬೇಕು, ಅದು ಗಾಜಿನಿಂದ ಹೊರಟಾಗ ಅದರ ಜೊತೆಗೇ ಮುಂದೆ ಬರಬೇಕು. ರಾಕೆಟ್ ಆಗಲೇ ಕೆಳಗಿರಬೇಕು, ಮಂಡಿ ಬಗ್ಗಿರಬೇಕು. ಹಿಂದಿನದು, ಪಕ್ಕದ್ದು ಎರಡು ಗಾಜಿಗೂ ತಾಗಿದ ಚೆಂಡು ಕೋರ್ಟಿನ ನಡುವಿನ ಕಡೆಗೆ ಬರುತ್ತದೆ. ಮೂಲೆಗೆ ನುಗ್ಗಿದರೆ ನೇರ ಮೈಮೇಲೆ. ಜಾಲರಿಗೆ ತಾಗಿದರೆ ಮಾತ್ರ ದೇವರೇ ಗತಿ, ಎಲ್ಲಿಗೆ ಹಾರುತ್ತೋ ಯಾರಿಗೂ ಗೊತ್ತಿಲ್ಲ.

ಬಂದ ಚೆಂಡನ್ನು ಏನು ಮಾಡೋದು? ಲಾಬ್ ಹಾಕೋದು, ಅಂದ್ರೆ ಎದುರಿನವರ ತಲೆ ಮೇಲಿಂದ ಎತ್ತರಕ್ಕೆ ಕಳಿಸೋದು. ನೆಟ್ ಹತ್ತಿರ ನಿಂತಿರುವ ಇಬ್ಬರೂ ಹಿಂದಕ್ಕೆ ಓಡುತ್ತಾರೆ, ಅಷ್ಟರಲ್ಲಿ ನಾವು ನೆಟ್ ಹಿಡಿಯುತ್ತೇವೆ. ಇಡೀ ಆಟ ಈ ನೆಟ್‌ಗಾಗಿಯೇ. ಅವರೂ ಲಾಬ್ ಹಾಕಿದರೆ ಸ್ಮ್ಯಾಶ್ ಬದಲು 'ಬಂದೇಹ' ಅನ್ನುವ ಹೊಡೆತವಿದೆ. ಸ್ಪ್ಯಾನಿಷ್‌ನಲ್ಲಿ ಟ್ರೇ ಅಂತ ಅರ್ಥ. ನಮ್ಮ ಹೋಟೆಲ್ ಸಪ್ಲೈಯರ್ ಕಾಫಿ ಟ್ರೇಯನ್ನು ಹೆಗಲ ಮಟ್ಟದಲ್ಲಿ ಒಯ್ಯುತ್ತಾನಲ್ಲ, ಹಾಗೆ ರಾಕೆಟ್ ಹಿಡಿದು ಚೆಂಡನ್ನು ಕೊಯ್ದಂತೆ ಕಳಿಸೋದು. ಸ್ಪ್ಯಾನಿಷ್ ಹೆಸರು ಯಾಕೆ ಅಂದ್ರೆ, ಈ ಆಟ ಹುಟ್ಟಿದ್ದು ಮೆಕ್ಸಿಕೋದ ಅಕಪುಲ್ಕೋದಲ್ಲಿ, 1969ರಲ್ಲಿ, ಎನ್ರಿಕೆ ಕೊರ್ಕುಯೆರಾ ಎಂಬಾತನ ಮನೆಯಲ್ಲಿ. ಅಲ್ಲಿಂದ ಸ್ಪೇನ್‌ಗೆ ಹೋಗಿ ಬೆಳೆಯಿತು. ಶಟಲ್ ಮಣಿಕಟ್ಟಿಗೆ ಈ ಬಂದೇಹ ಇನ್ನೂ ಪೂರ್ತಿ ಒಲಿದಿಲ್ಲ.

ಖರ್ಚಿನ ಮಾತು. ಸಂಜೆ ಗಂಟೆಗೆ 1600 ರೂಪಾಯಿ, ತಲೆಗೆ 400. ಶಟಲ್‌ಗಿಂತ ದುಬಾರಿನೇ. ಶಟಲ್ ಶೂ ಹಾಕಿಕೊಂಡು ಹೋಗಿ ಜಾರಿದೆ, ಯಾಕಂದ್ರೆ ಕೃತಕ ಹುಲ್ಲಿನ ಮೇಲೆ ಮರಳು ಉದುರಿಸಿರುತ್ತಾರೆ. ಟೆನಿಸ್ ಮಣ್ಣಿನ ಕೋರ್ಟಿನ ಶೂ ಸರಿಹೋಯಿತು. ಅಂಗಡಿಯವನ ಮಾತು ಕೇಳಿ ತಲೆಭಾರದ ಡೈಮಂಡ್ ಆಕಾರದ ರಾಕೆಟ್ ತಂದು ಮೊಣಕೈ ನೋವು ತರಿಸಿಕೊಂಡೆ. ಈಗ ದುಂಡನೆಯದು, ಹಗುರವಾದದ್ದು. ಹೊಸಬರು ಮೊದಲ ತಿಂಗಳು ಕ್ಲಬ್ಬಿನ ಬಾಡಿಗೆ ರಾಕೆಟ್‌ನಲ್ಲೇ ಆಡಿ, ದುಡ್ಡು ಉಳಿಯುತ್ತೆ.

ಹೋದ ಜೂನಿನ ಒಂದು ಸಂಜೆ, ಮಳೆ ನಿಂತು ಅರ್ಧ ಗಂಟೆಯಾಗಿತ್ತು. ಸ್ಕೋರ್ 40-40. ಆಳವಾದ ಚೆಂಡು ನನ್ನನ್ನು ದಾಟಿತು. ಕೈ ಚಾಚಲಿಲ್ಲ. ತಿರುಗಿದೆ, ಸರಿದೆ, ಮಂಡಿ ಬಗ್ಗಿಸಿದೆ, ರಾಕೆಟ್ ಕೆಳಗೆ. ಎಲ್ಲವೂ ಪುಸ್ತಕದಲ್ಲಿದ್ದ ಹಾಗೆ. ಚೆಂಡು ಒದ್ದೆ ಗಾಜಿಗೆ ತಾಗಿ, ವಾಪಸ್ ಬರದೆ, ಹಾಗೇ ಜಾರಿಕೊಂಡು ಕೆಳಗಿಳಿಯಿತು.

'ಇದನ್ನ ಬಿಡಬಾರದಿತ್ತು ಮಾಮ' ಅಂದ ಅಳಿಯ.