ಕಾಲು ಹಿಡಿಯುವ ಬೋನು: ನಂಬರು ನೋಡಬೇಡಿ, ಬಾಯಿ ಅಳೆಯಿರಿ

ತುಪ್ಪಳದ ಪ್ರಾಣಿಗಳನ್ನು ಹಿಡಿಯಲು ಉತ್ತರ ಅಮೆರಿಕದಲ್ಲಿ ಬಳಸುವ ಫುಟ್‌ಹೋಲ್ಡ್ ಟ್ರ್ಯಾಪ್, ಅಂದರೆ ಕಾಲು ಹಿಡಿಯುವ ಬೋನು, 1, 1.5, 1.75, 2, 3, 4 ಎಂಬ ನಂಬರುಗಳಲ್ಲಿ ದೊರೆಯುತ್ತದೆ. ನ್ಯೂಯಾರ್ಕ್ ರಾಜ್ಯದ ಒನೈಡಾದಲ್ಲಿ 19ನೆಯ ಶತಮಾನದಲ್ಲಿ ತಯಾರಾಗುತ್ತಿದ್ದ ನ್ಯೂಹೌಸ್ ಬೋನುಗಳ ಕಾಲದಿಂದ ಈ ಎಣಿಕೆ ರೂಢಿಯಲ್ಲಿದೆ. ಆದರೆ ಅದು ಅಳತೆಯಲ್ಲ, ಬರಿಯ ಹೆಸರು. ಒಬ್ಬ ತಯಾರಕರ 2ನೆಯ ನಂಬರಿನ ಬೋನು ಇನ್ನೊಬ್ಬರ 1.75ಕ್ಕಿಂತ ಅಷ್ಟೇನೂ ದೊಡ್ಡದಾಗಿರದೆ ಇರಬಹುದು. ಆದ್ದರಿಂದ ಕೊಳ್ಳುವಾಗ ಕೈಯಲ್ಲಿ ಅಳತೆಪಟ್ಟಿ ಇರಬೇಕು.

ಅದಕ್ಕೂ ಮೊದಲು ಕಾನೂನು ಓದಬೇಕು. ಐರೋಪ್ಯ ಒಕ್ಕೂಟ 1991ರಲ್ಲಿ ನಿಯಮ ರೂಪಿಸಿ, 1995ರಿಂದ ತನ್ನ ದೇಶಗಳಲ್ಲಿ ಇಂಥ ಬೋನುಗಳ ಬಳಕೆಯನ್ನೇ ನಿಷೇಧಿಸಿತು. ಅಮೆರಿಕದಲ್ಲಿ ಒಂದೊಂದು ರಾಜ್ಯದ ನಿಯಮ ಒಂದೊಂದು ತೆರನಾಗಿದೆ. ಕೆಲವೆಡೆ ಬೋನು ಪೂರ್ತಿ ನಿಷಿದ್ಧ. ಹಲವೆಡೆ ನೆಲದ ಮೇಲೆ ಒಡ್ಡುವ ಬೋನಿನ ಬಾಯಿ ಇಷ್ಟೇ ಅಗಲವಿರಬೇಕೆಂಬ ಮಿತಿಯಿದ್ದು, ನೀರಿನೊಳಗೆ ಒಡ್ಡುವುದಕ್ಕೆ ಮಾತ್ರ ಹೆಚ್ಚು ಅಗಲಕ್ಕೆ ಅವಕಾಶವಿದೆ. ಆ ಮಿತಿಯನ್ನು ಮೀರುವ ಬೋನು ಎಷ್ಟೇ ಚೆನ್ನಾಗಿದ್ದರೂ ಮುಂದಿನ ಲೆಕ್ಕಕ್ಕೆ ಬಾರದು.

ಎರಡನೆಯ ಹೆಜ್ಜೆ, ಬಾಯಿ ಅಳೆಯುವುದು. ಬೋನನ್ನು ಬಿಚ್ಚಿ ಒಡ್ಡಿದ ಸ್ಥಿತಿಯಲ್ಲಿ ಎರಡು ದವಡೆಗಳ, ಅಂದರೆ ಕಾಲನ್ನು ಕಚ್ಚುವ ಲೋಹದ ಕಮಾನುಗಳ, ಒಳಅಂಚುಗಳ ನಡುವಿನ ಅಂತರವನ್ನು ತೆಗೆದುಕೊಳ್ಳಬೇಕು. ಸ್ಥೂಲವಾಗಿ 1ನೆಯ ನಂಬರಿಗೆ 4 ಇಂಚು, 1.5ಕ್ಕೆ 5ರ ಆಸುಪಾಸು, 1.75 ಮತ್ತು 2ಕ್ಕೆ 5ರಿಂದ 5.5, 3ಕ್ಕೆ 6 ಇಂಚು, 4ಕ್ಕೆ 6.5 ಇಂಚು ಬರುತ್ತದೆ. ಪ್ರಾಣಿಯ ಪಾದ ಮಧ್ಯದ ತಟ್ಟೆಯನ್ನು ಒತ್ತಿದಾಗ ದವಡೆಗಳು ಮೇಲೆದ್ದು ಬೆರಳುಗಳನ್ನು ದಾಟಿ, ಪಾದದ ಮೆತ್ತೆಗೆ ತುಸು ಮೇಲೆ ಕೂಡಬೇಕು. ಬಾಯಿ ಕಿರಿದಾದರೆ ಬೆರಳಷ್ಟೇ ಸಿಕ್ಕಿ ಪ್ರಾಣಿ ಎಳೆದುಕೊಂಡು ಹೋಗುತ್ತದೆ, ಗಾಯದ ಜೊತೆಗೆ. ಅಗಲವಾದರೆ ದವಡೆ ಕಾಲಿನ ಮೇಲ್ಭಾಗಕ್ಕೆ ಬಡಿದು, ಮಾಂಸವಿಲ್ಲದ ಮೂಳೆಯ ಮೇಲೆ ಕಚ್ಚುತ್ತದೆ. ದೊಡ್ಡದಿದ್ದರೆ ಕೈತಪ್ಪುವುದಿಲ್ಲ ಎಂಬ ವಾದವನ್ನು ನಾನು ಒಪ್ಪುವುದಿಲ್ಲ.

ಮೂರನೆಯದಾಗಿ ಪ್ರಾಣಿಯ ಪಾದ. ನೀರಲ್ಲಿ ಬಾಳುವ, ಇಲಿಯನ್ನು ಹೋಲುವ ಮಸ್ಕ್‌ರ್ಯಾಟ್‌ನ ಕಾಲು ಬಲು ತೆಳು, ಸುಲಭವಾಗಿ ಮುರಿಯುತ್ತದೆ. ಅದಕ್ಕೆ 1ನೆಯ ನಂಬರು ಸಾಕು, ಅದೂ ಪ್ರಾಣಿ ತಕ್ಷಣ ಮುಳುಗುವಷ್ಟು ಆಳದ ನೀರಿನ ಪಕ್ಕದಲ್ಲಿ. ಮುಂಗುಸಿಯಂತೆ ಉದ್ದ ಮೈಯ ಮಿಂಕ್‌ಗೆ 1 ಅಥವಾ 1.5. ಕಣ್ಣ ಸುತ್ತ ಕಪ್ಪು ಪಟ್ಟೆಯಿರುವ ರಕೂನಿಗೂ ಇದೇ ಅಳತೆ ಹೊಂದುತ್ತದೆ, ಆದರೆ ಅದರ ತೊಂದರೆ ಬೇರೆ. ಸಿಕ್ಕಿಬಿದ್ದ ರಕೂನ್ ದವಡೆಯ ಕೆಳಗೆ ಮರಗಟ್ಟಿದ ತನ್ನ ಪಾದವನ್ನೇ ಕಡಿದುಕೊಳ್ಳುತ್ತದೆ. ಹಾಗಾಗಿ ಒಣನೆಲದಲ್ಲಿ ಒಂದೊಂದು ಕಡೆಗೂ ಎರಡೆರಡು ದವಡೆಯಿರುವ ಬೋನನ್ನೋ, ಪಂಜವನ್ನು ಕೊಳವೆಯೊಳಗೆ ಮುಚ್ಚಿಡುವ ಬೇರೆ ಬಗೆಯ ಬೋನನ್ನೋ ಆರಿಸುವುದು ಮೇಲು.

ಕೆಂಪು ನರಿಗೆ 1.5 ಹಳೆಯ ಆಯ್ಕೆ. ತೋಳದ ಜಾತಿಯ, ಅದಕ್ಕಿಂತ ಚಿಕ್ಕದಾದ ಕಯೋಟಿಯ ಹೆಜ್ಜೆಗುರುತು ಸುಮಾರು 2.5 ಇಂಚು ಉದ್ದವಿದ್ದು, ಅದಕ್ಕೆ 1.75ರಿಂದ 3ರವರೆಗೆ ಬಳಕೆಯಲ್ಲಿದೆ. ಎರಡೂ ಓಡಾಡುವ ಜಾಗದಲ್ಲಿ 1.75 ನಡುವಿನ ದಾರಿ. ಕಾಡುಬೆಕ್ಕಿನಂಥ ಬಾಬ್‌ಕ್ಯಾಟ್‌ನ ಪಂಜ ದುಂಡಗೆ, ಮೆತ್ತಗೆ ಇರುವುದರಿಂದ ಅನೇಕರು 2 ಅಥವಾ 3ನ್ನು ಆರಿಸುತ್ತಾರೆ. ತೋಳಕ್ಕಂತೂ 4 ಸಾಲದು, 7 ಇಂಚಿಗೂ ಅಗಲದ ಬಾಯಿ ಬೇಕು.

ಹೊಳೆಗೆ ಒಡ್ಡು ಕಟ್ಟುವ ಪ್ರಾಣಿಯಾದ ಬೀವರ್ ವಿಷಯದಲ್ಲಿ ಯಾವ ಪ್ರಾಣಿ ಎಂಬುದರ ಜೊತೆಗೆ ಯಾವ ಕಾಲು ಎಂಬ ಪ್ರಶ್ನೆಯೂ ಏಳುತ್ತದೆ. ಅದರ ಮುಂಗಾಲು ಸಣ್ಣದು, ಬೇಗ ಜಾರುತ್ತದೆ. ಹಿಂಗಾಲು ಜಾಲಪಾದ, 6 ಇಂಚಿನ ಆಸುಪಾಸು ಉದ್ದ. ಹಿಂಗಾಲನ್ನು ಹಿಡಿಯಬೇಕೆಂದರೆ ಬೋನನ್ನು ಆಳದಲ್ಲಿ ಇಡಬೇಕು, 4 ಅಥವಾ ಅದಕ್ಕಿಂತ ದೊಡ್ಡದು ಬೇಕು.

ಅಗಲ ಗೊತ್ತಾದ ಮೇಲೆ ಬಲದ ಲೆಕ್ಕ. ಒಂದೇ ಅಗಲದ ಎರಡು ಬೋನುಗಳಲ್ಲಿ ಒಂದಕ್ಕೆ ಎರಡು ಸುರುಳಿ ಸ್ಪ್ರಿಂಗು, ಇನ್ನೊಂದಕ್ಕೆ ನಾಲ್ಕು ಇರಬಹುದು. ಸ್ಪ್ರಿಂಗು ಹೆಚ್ಚಿದಷ್ಟೂ ಹಿಡಿತ ಬಿಗಿ. ಆಗ ದವಡೆಯ ಅಂಚು ದಪ್ಪವಾಗಿರಬೇಕು ಅಥವಾ ರಬ್ಬರ್ ಹೊದಿಕೆ ಇರಬೇಕು. ಮುಚ್ಚಿದಾಗಲೂ ನಡುವೆ ಸುಮಾರು 5 ಮಿಲಿಮೀಟರ್ ಸಂದು ಉಳಿಸುವ ಆಫ್‌ಸೆಟ್ ದವಡೆಗಳೂ ಇವೆ. ತಟ್ಟೆಯ ಬಿಗಿಯನ್ನೂ ಹೊಂದಿಸಿಕೊಳ್ಳಬೇಕು. ಕಯೋಟಿಗಾಗಿ ಅದನ್ನು ಒಂದೂವರೆ ಕಿಲೋ ಭಾರಕ್ಕೆ ಇಳಿಯುವಂತೆ ಇಟ್ಟರೆ ಅಳಿಲಿನಂಥ ಹಗುರ ಪ್ರಾಣಿ ಕಾಲಿಟ್ಟರೂ ಬೋನು ಸಿಡಿಯುವುದಿಲ್ಲ. ನರಿಯೂ ಬೇಕಿದ್ದಲ್ಲಿ ಇನ್ನಷ್ಟು ಸಡಿಲಿಸಬೇಕು.

ಆಯ್ಕೆ ಸರಿಯಾಗಿತ್ತೇ ಎಂಬುದು ಮರುದಿನ ಬೆಳಿಗ್ಗೆ ಬೋನನ್ನು ನೋಡಲು ಹೋದಾಗ ತಿಳಿಯುತ್ತದೆ. ದವಡೆ ಎಲ್ಲಿ ಕೂತಿದೆ ಎಂದು ಗಮನಿಸಿ ಬರೆದಿಡಿ. ಬೆರಳುಗಳ ಮೇಲೆಯೇ ಕೂತಿದ್ದರೆ ಮೊದಲು ತಟ್ಟೆಯ ಎತ್ತರ ಮತ್ತು ಬಿಗಿಯನ್ನು ಪರೀಕ್ಷಿಸಿ, ಅವು ಸರಿಯಿದ್ದರೆ ಒಂದು ನಂಬರು ಮೇಲಕ್ಕೆ ಹೋಗಿ. ಮೆತ್ತೆಯಿಂದ ತುಂಬಾ ಮೇಲೆ ಕೂತಿದ್ದರೆ ಒಂದು ನಂಬರು ಕೆಳಗಿಳಿಯಿರಿ.